ಉಪ್ಪಿನ ಪಾಕೀಟಿನ ಮೇಲೆ ತಾರೀಖು ಬರೆಯಿರಿ



ಹಾಲು ಕೊಡುವ ಹಸುವಿಗೆ ದಿನಕ್ಕೆ ಸುಮಾರು 30 ಗ್ರಾಂ ಉಪ್ಪು ಬೇಕು. ಮೇವಿನಲ್ಲಿ ಉಪ್ಪಿನಂಶ ಕಡಿಮೆ, ಹಾಲಿನ ಜೊತೆ ಒಂದಿಷ್ಟು ಹೊರಗೂ ಹೋಗುತ್ತದೆ. ಮನುಷ್ಯರ ಲೆಕ್ಕ ಬೇರೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಎಲ್ಲವೂ ಈ ಲೆಕ್ಕದಲ್ಲೇ ಬರಬೇಕು.

ಹೆಚ್ಚಾದರೆ ಏನಾಗುತ್ತದೆ?

ರಕ್ತದಲ್ಲಿ ಸೇರಿದ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಪ್ರಮಾಣ ಹೆಚ್ಚಿ ರಕ್ತನಾಳಗಳ ಮೇಲೆ ಒತ್ತಡ ಏರುತ್ತದೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಬಿ.ಪಿ. ಕಾಯಿಲೆ. ಇದಕ್ಕೆ ಬಹಳಷ್ಟು ಸಲ ಯಾವ ಲಕ್ಷಣವೂ ಇರುವುದಿಲ್ಲ. "ತಲೆ ಸುತ್ತಿದರೆ ಆಗ ನೋಡೋಣ" ಎಂದು ಕಾಯಬಾರದು.

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸಣ್ಣ ಸೋಸುಕಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬಹುಪಾಲು ನೀರನ್ನು ದೇಹಕ್ಕೇ ಹಿಂದಿರುಗಿಸುತ್ತವೆ. ನಾವು ಹಾಲು ಸೋಸುವ ಬಟ್ಟೆಯನ್ನೇ ನೆನೆಯಿರಿ. ಬಟ್ಟೆ ಹರಿದರೆ ಕಸ ಹಾಲಿಗೆ ಇಳಿಯುತ್ತದೆ. ಹಾಗೆಯೇ ಬಿ.ಪಿ. ಹೊಡೆತಕ್ಕೆ ಸೋಸುಕಗಳು ಹಾಳಾದರೆ ದೇಹಕ್ಕೆ ಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ. ಬಟ್ಟೆ ಬದಲಾಯಿಸಬಹುದು, ಸತ್ತ ಸೋಸುಕ ಮತ್ತೆ ಹುಟ್ಟುವುದಿಲ್ಲ. ದುರ್ಬಲವಾದ ಮೂತ್ರಪಿಂಡ ಉಪ್ಪನ್ನು ಸರಿಯಾಗಿ ಹೊರಹಾಕಲಾರದು, ಇದರಿಂದ ಬಿ.ಪಿ. ಇನ್ನೂ ಏರುತ್ತದೆ.

ಮೂತ್ರಪಿಂಡ ಪೂರ್ತಿ ಸೋತರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಬೇಕಾಗುತ್ತದೆ. ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುವ ಹೆಣ್ಣುಮಗಳಿಗೆ ಇದರ ಅರ್ಥವೇನೆಂದು ಹೇಳಬೇಕಿಲ್ಲ.

ಮನೆಯಲ್ಲಿ ಏನು ಮಾಡಬಹುದು?

1. ಹಸುವಿನ ಉಪ್ಪು, ಮನೆಯ ಉಪ್ಪು ಬೇರೆ ಬೇರೆ ಡಬ್ಬಿಯಲ್ಲಿಡಿ. ಮನೆಯ ಪಾಕೀಟು ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನ ದೊಡ್ಡವರಿರುವ ಮನೆಗೆ ಒಂದು ಕಿಲೋ ಕನಿಷ್ಠ 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂ ದಾಟಿದೆ ಎಂದರ್ಥ.

2. ಮಜ್ಜಿಗೆಗೆ ಅರ್ಧ ಚಮಚ ಉಪ್ಪು ಹಾಕಿದರೆ ದಿನದ ಅರ್ಧ ಪಾಲು ಅಲ್ಲಿಗೇ ಮುಗಿಯಿತು. ಶುಂಠಿ, ಕರಿಬೇವು, ಕೊತ್ತಂಬರಿ ಹಾಕಿ ಕುಡಿಯಿರಿ.

3. ಮುದ್ದೆಗೆ, ಅನ್ನಕ್ಕೆ ಉಪ್ಪು ಬೇಡ. ಸಾರಿಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ, ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ.

4. ಕಲ್ಲುಪ್ಪು, ಸೈಂಧವ ಲವಣದಲ್ಲೂ ಇರುವುದು ಬಹುಪಾಲು ಸೋಡಿಯಂ ಉಪ್ಪೇ. "ಕಡಿಮೆ ಸೋಡಿಯಂ" ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಶಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

5. ಸೊಂಟನೋವಿಗೆ ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಮಾತ್ರೆಯೂ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು.

ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿ.ಪಿ. ನೋಡಿಸಿ. ಹಳ್ಳಿಯವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಆಸುಪಾಸಿನವರು ಹತ್ತಿರದ ನಮ್ಮ ಕ್ಲಿನಿಕ್‌ಗೆ ಅಥವಾ ಜಯನಗರದ ಸಾರ್ವಜನಿಕ ಆಸ್ಪತ್ರೆಗೆ ಹೋಗಬಹುದು. ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇರುವವರು ಮೂತ್ರದ ಪ್ರೋಟೀನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಬಿ.ಪಿ. ಇಳಿಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ.

ಹಸು ಮೇವು ಬಿಟ್ಟರೆ ಆ ದಿನವೇ ಪಶುವೈದ್ಯರನ್ನು ಕರೆಸುತ್ತೀರಿ. ಅಷ್ಟೇ ಕಾಳಜಿ ನಿಮ್ಮ ಮೇಲೂ ಇರಲಿ.