ಧಾರವಾಡದಾಗ ಇಬ್ರು ಅಡ್ಡಾಡೋದು

ಧಾರವಾಡದಲ್ಲಿ ವಾಕಿಂಗ್‌ಗೆ ‘ಅಡ್ಡಾಡೋದು’ ಅನ್ನುತ್ತಾರೆ. ವಾಕಿಂಗನ್ನು ಒಬ್ಬರೇ ಮಾಡಬಹುದು, ಅಡ್ಡಾಡಲಿಕ್ಕೆ ಜೊತೆಗೊಬ್ಬರು ಬೇಕು. ಮೂವರಾದರೆ ಕಷ್ಟ. ಹಳೆಯ ಓಣಿಗಳಲ್ಲಿ ಇಬ್ಬರಿಗಷ್ಟೇ ಜಾಗವಿದೆ, ಮೂರನೆಯವರು ಹಿಂದೆ ಉಳಿದು ಮೊಬೈಲ್ ನೋಡತೊಡಗುತ್ತಾರೆ. ಪಟ್ಟಿ ಹಿಡಿದು ಒಂದೊಂದಕ್ಕೂ ಗುರುತು ಹಾಕುವ ಗೆಳೆಯನನ್ನು ಹಂಪಿಗೆ ಕರೆದುಕೊಂಡು ಹೋಗಿ. ಇಲ್ಲಿಗೆ ಮಾತಿನ ಮಲ್ಲನೇ ಬೇಕು, ಯಾಕೆಂದರೆ ಈ ಊರಲ್ಲಿ ನೋಡುವುದು ಕಡಿಮೆ, ಕೂರುವುದು ಹೆಚ್ಚು.

ಧಾರವಾಡವೆಂದರೆ ಮಳೆ ಎಂದು ಎಲ್ಲರೂ ಹೇಳುತ್ತಾರೆ. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತುವ ರಾಡಿಯ ಬಗ್ಗೆ ಯಾರೂ ಹೇಳುವುದಿಲ್ಲ. ನಡೆಯುವವರಿಗೆ ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಮಾಗಿಯೇ ಸರಿಯಾದ ಕಾಲ. ಬೆಳಗಿನ ಜಾವ 14–15 ಡಿಗ್ರಿಯ ಆಸುಪಾಸು ಚಳಿ, ಹನ್ನೊಂದಕ್ಕೆಲ್ಲ ಚುರುಗುಟ್ಟುವ ಬಿಸಿಲು. ಸ್ವೆಟರ್ ಬೇಕು, ಆದರೆ ಸೊಂಟಕ್ಕೆ ಕಟ್ಟಿಕೊಳ್ಳುವಷ್ಟು ತೆಳ್ಳಗಿರಲಿ. ನಾನು ಮೊದಲ ಸಲ ದಪ್ಪ ಉಣ್ಣೆಯ ಕೋಟು ಒಯ್ದು, ಮಧ್ಯಾಹ್ನವೆಲ್ಲ ಅದನ್ನು ಮಗುವಿನಂತೆ ಕಂಕುಳಲ್ಲಿ ಹೊತ್ತು ತಿರುಗಿದೆ.

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಇಲ್ಲಿರಬಹುದು. ಹುಬ್ಬಳ್ಳಿಯಲ್ಲಿ ಇಳಿದರೂ ಚಿಂತೆಯಿಲ್ಲ, ಸುಮಾರು ಇಪ್ಪತ್ತು ಕಿಲೋಮೀಟರ್ ದೂರ, ತಮ್ಮದೇ ಪಥದಲ್ಲಿ ಓಡುವ ‘ಚಿಗರಿ’ ಬಸ್ಸುಗಳಿವೆ. ಪೇಟೆ ಹತ್ತಿರವಿರಲಿ ಅನ್ನುವವರು ಜ್ಯೂಬಿಲಿ ಸರ್ಕಲ್ ಕಡೆ ರೂಮು ಮಾಡಲಿ. ನನ್ನ ಮತ ಸಪ್ತಾಪುರಕ್ಕೆ. ಅಲ್ಲೆಲ್ಲ ಕೋಚಿಂಗ್ ಕ್ಲಾಸುಗಳ ಹುಡುಗ ಹುಡುಗಿಯರೇ ತುಂಬಿರುವುದರಿಂದ ಚಹಾ, ಊಟ ಎರಡೂ ಅಗ್ಗ. ಎರಡು ದಿನ ಸಾಕು, ಮೂರಾದರೆ ಇನ್ನೂ ಒಳ್ಳೆಯದು.

ಮೊದಲ ಬೆಳಗು ಕೆಲಗೇರಿ ಕೆರೆಗೆ. ಸೂರ್ಯ ಹುಟ್ಟುವ ಮೊದಲೇ ಹೋದರೆ ನೀರಿನ ಮೇಲೆ ಮಂಜು ಎದ್ದಿರುತ್ತದೆ. ಬಿಸಿಲೇರಿದ ಮೇಲೆ ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯ. 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಇಲ್ಲಿಗೆ ಬಂತು. ಕಟ್ಟಡಗಳಿಗಿಂತ ಆವರಣದ ಮರಗಳ ನೆರಳು ನನಗೆ ಹೆಚ್ಚು ಇಷ್ಟ. ಕನ್ನಡ ಸಂಶೋಧನಾ ಸಂಸ್ಥೆಯ ವಸ್ತು ಸಂಗ್ರಹಾಲಯ ಒಳಗೇ ಇದೆ. ಶಾಸನ, ಶಿಲ್ಪಗಳಿಗೆ ಒಂದು ತಾಸು ಇಟ್ಟುಕೊಳ್ಳಿ, ಕೆಲಸದ ದಿನವೇ ಹೋಗಿ.

ದಾರಿ ಕೇಳುವಾಗ ಒಂದು ಎಚ್ಚರ. “ಇಲ್ಲೇ ಅದ ನೋಡ್ರಿ, ಹಿಂಗ ಸೀದಾ ಹೋಗ್ರಿ” ಅಂದರೆ ಅದು ನೂರು ಹೆಜ್ಜೆಯೂ ಇರಬಹುದು, ಎರಡು ಕಿಲೋಮೀಟರೂ ಇರಬಹುದು. ಜೊತೆಗೆ “ಯಾವೂರಿನವ್ರು ನೀವು?” ಎಂಬ ಪ್ರಶ್ನೆಯೂ ಬರುತ್ತದೆ. ಉತ್ತರ ಹೇಳದೆ ಮುಂದೆ ಹೋದರೆ ಚೆನ್ನಾಗಿರುವುದಿಲ್ಲ.

ಎರಡನೆಯ ದಿನ ಪೂರ್ತಿ ಪೇಟೆಗೆ, ಅದರಲ್ಲೂ ಸುಭಾಷ ರಸ್ತೆಗೆ. ಅಂಗಡಿಗಳ ಗಲಾಟೆಯ ನಡುವೆ ಮೆಟ್ಟಿಲು ಹತ್ತಿದರೆ ಮನೋಹರ ಗ್ರಂಥಮಾಲೆ. ಊರವರ ಬಾಯಲ್ಲಿ ಅದು ‘ಅಟ್ಟ’. ಜಿ.ಬಿ. ಜೋಶಿಯವರು ನಡೆಸಿದ, 1933ರಿಂದ ಪುಸ್ತಕ ತರುತ್ತಿರುವ ಪ್ರಕಾಶನ. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಕವಿ ಬೇಂದ್ರೆ, ವಿಮರ್ಶಕ ಕುರ್ತಕೋಟಿ, ಕಾರ್ನಾಡರೆಲ್ಲ ಕೂತು ಹರಟಿದ ಜಾಗ. ಸ್ಮಾರಕವೆಂದುಕೊಂಡು ಹೋದರೆ ನಿರಾಸೆಯಾದೀತು, ಅದು ಇವತ್ತಿಗೂ ಪುಸ್ತಕದ ಕೆಲಸ ನಡೆಯುವ ಜಾಗ. ಒಂದು ಪುಸ್ತಕವನ್ನಾದರೂ ಕೊಳ್ಳಿ. ಇಬ್ಬರೂ ಒಂದೇ ಪುಸ್ತಕ ಕೊಳ್ಳಬೇಡಿ, ವಾಪಸು ಹೋಗುವಾಗ ರೈಲಿನಲ್ಲಿ ಅದಲುಬದಲು ಮಾಡಿಕೊಳ್ಳಬಹುದು. ಸಂಜೆ ಕಾಲಿಗೆ ವಿಶ್ರಾಂತಿ ಬೇಕೆನಿಸಿದರೆ 1890ರ ಕರ್ನಾಟಕ ವಿದ್ಯಾವರ್ಧಕ ಸಂಘದತ್ತ ಹೋಗಿ. ಉಪನ್ಯಾಸವೋ ಪುಸ್ತಕ ಬಿಡುಗಡೆಯೋ ಆಗಾಗ ನಡೆಯುತ್ತಲೇ ಇರುತ್ತದೆ. ಬೆಳಗಿನ ಪತ್ರಿಕೆಯ ‘ಇಂದು’ ಅಂಕಣ ನೋಡಿಕೊಂಡರೆ ಸಾಕು. ಹಿಂದಿನ ಸಾಲಿನಲ್ಲಿ ಕೂತರೆ ಎದ್ದು ಬರುವುದು ಸುಲಭ.

ಪೇಟೆಯಲ್ಲೇ ಕಸೂತಿ ಸೀರೆ ಕಣ್ಣಿಗೆ ಬೀಳುತ್ತದೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಕೊಳ್ಳುವ ಮೊದಲು ಸೆರಗನ್ನು ತಿರುವಿ ನೋಡಿ. ಕೈಯಿಂದ ಹಾಕಿದ ಗವಂತಿ ಎರಡೂ ಮಗ್ಗುಲಲ್ಲಿ ಒಂದೇ ತರ ಕಾಣುತ್ತದೆ, ಗಂಟು ಸಿಗುವುದಿಲ್ಲ.

ಊಟಕ್ಕೆ ಖಾನಾವಳಿ ಹುಡುಕಿ, ಹೋಟೆಲಿನ ಮೆನು ಕಾರ್ಡು ಬೇಡ. ಜೋಳದ ರೊಟ್ಟಿ, ಎಣಗಾಯಿ, ಝುಣಕ, ಶೇಂಗಾ ಹಿಂಡಿ, ಕೆನೆಮೊಸರು ಯಾವಾಗಲೂ ಉಂಟು. ಚಳಿಗಾಲಕ್ಕೆ ಬರುವುದು ತಟ್ಟೆಯ ಮೂಲೆಯ ಹಸಿ ಸೊಪ್ಪಿಗಾಗಿ. ಹಕ್ಕರಕಿ ಮತ್ತು ಎಳೆ ಮೆಂತೆಯನ್ನು ರೊಟ್ಟಿಯ ಜೊತೆ ಹಾಗೇ ಕಚ್ಚಿ ತಿನ್ನಬೇಕು. ದಕ್ಷಿಣದ ಗೆಳೆಯ ಮೊದಲು ಅನುಮಾನದಿಂದ ನೋಡುತ್ತಾನೆ, ಆಮೇಲೆ ನಿಮ್ಮ ತಟ್ಟೆಗೂ ಕೈ ಹಾಕುತ್ತಾನೆ. ರಸ್ತೆ ಬದಿಯ ಬುಟ್ಟಿಗಳಲ್ಲಿ ಹಸಿ ಕಡಲೆ ಗಿಡದ ಕಟ್ಟು, ನವಲೂರಿನ ಪೇರಲ ಹಣ್ಣು ಸಿಗುತ್ತವೆ. ಕಡಲೆ ಸುಲಿಯುತ್ತ ನಡೆದರೆ ಒಂದು ಮೈಲಿ ಹೋದದ್ದೇ ಗೊತ್ತಾಗುವುದಿಲ್ಲ. ಜನವರಿಯಲ್ಲಿ ಸೀತನಿ, ಅಂದರೆ ಸುಟ್ಟ ಎಳೆ ಜೋಳ, ಕಂಡರೆ ಬಿಡಬೇಡಿ. ಸಂಜೆಯ ಚಳಿಗೆ ಗಿರಮಿಟ್ಟು, ಮಿರ್ಚಿ, ಒಂದು ಚಾ. ಪೇಢೆಗೆ ಲೈನ್ ಬಜಾರಿನ ಬಾಬುಸಿಂಗ್ ಠಾಕೂರರ ಅಂಗಡಿ. ಹೊರಡುವ ದಿನ ಬೆಳಗ್ಗೆಯೇ ಹೋಗಿ, ಒಬ್ಬರು ಸಾಲಿನಲ್ಲಿ ನಿಂತಾಗ ಇನ್ನೊಬ್ಬರು ಬ್ಯಾಗು ನೋಡಿಕೊಳ್ಳಲಿ.

ಸಾಧನಕೇರಿಯನ್ನು ಒಂದು ಸಂಜೆಗೆ ಉಳಿಸಿಕೊಳ್ಳಿ. ಬೇಂದ್ರೆಯವರ ಮನೆ ‘ಶ್ರೀಮಾತಾ’, ಪಕ್ಕದಲ್ಲಿ ಬೇಂದ್ರೆ ಭವನ, ಎದುರಿಗೆ ಕೆರೆ. ‘ನಾಕುತಂತಿ’ಗೆ ಜ್ಞಾನಪೀಠ ಪಡೆದ ಕವಿ ದಿನವೂ ನೋಡಿದ ನೀರು ಇಷ್ಟೇನಾ ಅನ್ನಿಸುವಷ್ಟು ಸಣ್ಣದು. ಕೆರೆಯ ದಂಡೆಯಲ್ಲಿ ಅರ್ಧ ತಾಸು ಮಾತಿಲ್ಲದೆ ಕೂತರೂ ಸರಿ. ಮಾತಿನ ಮಲ್ಲನಾದ ನನ್ನ ಗೆಳೆಯ ಇಡೀ ಎರಡು ದಿನದಲ್ಲಿ ಬಾಯಿ ಮುಚ್ಚಿ ಕೂತದ್ದು ಇಲ್ಲಿ ಮಾತ್ರ.

ಮೂರನೆಯ ದಿನ ಇದ್ದರೆ ಊರಾಚೆ ಕಲಘಟಗಿ ರಸ್ತೆಯ ಕಡೆಗಿನ ಸೋಮೇಶ್ವರ ಗುಡಿ. ಶಾಲ್ಮಲಾ ನದಿ ಹುಟ್ಟುವುದು ಇಲ್ಲಿ. ಧಾರವಾಡ ಕೂತಿರುವುದು ನೀರು ಇಬ್ಭಾಗವಾಗುವ ದಿಣ್ಣೆಯ ಮೇಲೆ. ಪಡುವಣಕ್ಕೆ ಇಳಿದ ಮಳೆನೀರು ಶಾಲ್ಮಲೆಯ ಜೊತೆ ಅರಬ್ಬಿ ಸಮುದ್ರ ಸೇರಿದರೆ, ಮೂಡಣದ್ದು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಚಳಿಗಾಲದಲ್ಲಿ ನದಿಯೆಂದು ಹೇಳಿಕೊಳ್ಳುವಷ್ಟು ನೀರು ಕಾಣದು, ಗುಡಿಯ ನೆರಳು ಮಾತ್ರ ತಂಪು. ಶನಿವಾರವಾದರೆ ಅದೇ ರಸ್ತೆಯಲ್ಲಿ ನುಗ್ಗಿಕೇರಿ ಹನುಮಪ್ಪನಿಗೆ ಹೋಗುವವರ ಸಂದಣಿ ಇರುತ್ತದೆ, ಬೇರೆ ದಿನ ಆರಿಸಿಕೊಳ್ಳಿ. ಮಧ್ಯಾಹ್ನ ಮೂರರ ಮೇಲೆ ಹೋಗುವಾಗ ಆಟೋ ಮಾಡಿ, ಬರುವಾಗ ನಡೆಯಿರಿ. ಇಳಿಬಿಸಿಲು ಎಡಗೆನ್ನೆಗೆ ಬೀಳುತ್ತಿರುತ್ತದೆ. ಊರು ಮುಟ್ಟುವ ಹೊತ್ತಿಗೆ ಸೊಂಟದ ಸ್ವೆಟರನ್ನು ಬಿಚ್ಚಿ ಮತ್ತೆ ಹಾಕಿಕೊಳ್ಳಬೇಕಾಗುತ್ತದೆ.