ಎಂಟು ಒತ್ತಿಗೆ ಒಂದು ಅರೇಹಳ್ಳಿ

ಪ್ರಶ್ನೆ: ನಮ್ಮ ಕಾಫಿಪುಡಿ ಪೊಟ್ಟಣಕ್ಕೆ ಅಂಟಿಸುವ ಚೀಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಅಂಗಡಿಯ ಕಂಪ್ಯೂಟರಿನಲ್ಲಿರುವುದು ಇಂಗ್ಲಿಷ್ ಕೀಲಿಮಣೆ. ಕನ್ನಡದ್ದು ಬೇರೆ ಕೊಳ್ಳಬೇಕೆ?
– ಓದುಗರು, ಅರೇಹಳ್ಳಿ, ಬೇಲೂರು ತಾಲ್ಲೂಕು

ಉತ್ತರ: ಬೇಡ, ಇರುವುದೇ ಸಾಕು. ಕೀಲಿಯ ಮೇಲೆ ಅಚ್ಚಾದ ಅಕ್ಷರ ನಿಮ್ಮ ಕಣ್ಣಿಗಷ್ಟೇ. ಒತ್ತಿದಾಗ ಒಳಗೆ ಹೋಗುವುದು ಆ ಕೀಲಿಯ ಸಂಖ್ಯೆ. ಅದು ತೆರೆಯ ಮೇಲೆ ‘ಕೆ’ ಆಗಬೇಕೋ ‘ಕ’ ಆಗಬೇಕೋ ಎಂದು ತೀರ್ಮಾನಿಸುವುದು ತಂತ್ರಾಂಶ.

26 ಕೀಲಿಗಳಲ್ಲಿ ನಮ್ಮ 49 ಅಕ್ಷರ, ಅದರ ಮೇಲೆ ಕಾಗುಣಿತ, ಒತ್ತಕ್ಷರ ಹಿಡಿಸುವುದು ಹೇಗೆ? ಕಿನ್ನಿಕಂಬಳದ ಕೆ.ಪಿ. ರಾವ್ ಇದಕ್ಕೆ ಸುಲಭದ ದಾರಿ ಮಾಡಿಕೊಟ್ಟರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಕ ಆದ ಮೇಲೆ ಐ ಒತ್ತಿದರೆ ಕಿ. ಒತ್ತಕ್ಷರ ಬೆಸೆಯುವ ಕೆಲಸ ಎಫ್ ಕೀಲಿಯದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಬಳಕೆಯಲ್ಲಿರುವುದು ಇದೇ ಕ್ರಮ.

ನಿಮ್ಮೂರನ್ನೇ ಟೈಪು ಮಾಡೋಣ. ಎ, ಆರ್, ಶಿಫ್ಟ್-ಇ, ಎಚ್, ಶಿಫ್ಟ್-ಎಲ್, ಎಫ್, ಶಿಫ್ಟ್-ಎಲ್, ಐ: ಎಂಟು ಅಕ್ಷರದ ಕೀಲಿಗೆ ಅರೇಹಳ್ಳಿ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ದಲ್ಲೂ ಎಂಟೇ. ಅಲ್ಲಿ ಎಫ್ ಬೇಡ, ಒತ್ತು ತಾನಾಗಿ ಬೀಳುತ್ತದೆ. ಬದಲಿಗೆ ಹ ಪೂರ್ತಿಯಾಗಲು ಎಚ್ ಆದ ಮೇಲೆ ಎ ಒತ್ತಬೇಕು. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ಕ್ರಮದಲ್ಲಿ ಎಚ್ ಒತ್ತಿದರೆ ಬರುವುದು ಹ ಅಲ್ಲ, ಪ. ಎಣಿಸಿದರೆ ಅಲ್ಲೂ ಎಂಟು. ಹಾಗಾಗಿ ಯಾವುದು ವೇಗ ಎಂದು ತಲೆ ಕೆಡಿಸಿಕೊಳ್ಳದೆ ಒಂದನ್ನು ಹಿಡಿದು ಕೈ ಪಳಗಿಸಿಕೊಳ್ಳಿ.

ಚೀಟಿಯಲ್ಲಿ ಫ್ರೆಂಚರ ‘ಕಫೆ’ಯೂ ಇರಲಿ ಎಂದರೆ ಉಪಾಯ ಹೆಚ್ಚುಕಮ್ಮಿ ಇದೇ. ವಿಂಡೋಸ್‌ನಲ್ಲಿ ಅಮೆರಿಕದ ‘ಇಂಟರ್‌ನ್ಯಾಷನಲ್’ ಕೀಲಿಮಣೆ ಆರಿಸಿಕೊಂಡು, ಒಂಟಿ ಉದ್ಧರಣ ಚಿಹ್ನೆ ಒತ್ತಿ ಆಮೇಲೆ ಇ ಒತ್ತಿದರೆ, ಅದರ ತಲೆಯ ಮೇಲೆ ಓರೆಗೆರೆ ಬಂದು ಕೂರುತ್ತದೆ.

ಟೈಪು ಮಾಡಿದ್ದನ್ನು ಯೂನಿಕೋಡ್‌ನಲ್ಲಿ ಉಳಿಸಿ. ಹಳೆಯ ಬಗೆಯ ನುಡಿ ಫಾಂಟಿನಲ್ಲಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಗೀಚುಗಳು ಕಾಣುತ್ತವೆ. ನಿಮ್ಮ ಪ್ರೆಸ್ಸಿನವರಿಗೆ ಯಾವುದು ಬೇಕೆಂದು ಮೊದಲೇ ಕೇಳಿಬಿಡಿ.

ಮೊಬೈಲಿನಲ್ಲಿ ಇಂಗ್ಲಿಷ್ ಕಾಗುಣಿತದಿಂದ ಊಹಿಸಿ ಬರೆಯುವ ಕೀಲಿಮಣೆ ಬಳಸಿದರೆ ಮಾತ್ರ ಜೋಪಾನ. ಅದು ‘ಅರೆಹಳ್ಳಿ’ ಎಂದೂ ಬರೆದುಬಿಡಬಹುದು. ಅಚ್ಚಿಗೆ ಕಳಿಸುವ ಮುನ್ನ ‘ರೇ’ಯ ದೀರ್ಘ ನೋಡಿಕೊಳ್ಳಿ.