ಕಣದ ತೊಗರಿ, ಪರದೆಯ ಬೇಳೆ

ಬೇಳೆ ಗಿರಣಿಗೆ ಡಿಜಿಟಲ್ ದಾಸ್ತಾನು ವ್ಯವಸ್ಥೆಯನ್ನು ತರಲು ಹೊರಟವರು ಮೊದಲು ಗಮನಿಸಬೇಕಾದುದು ಗೋದಾಮನ್ನಲ್ಲ, ಒಣಗಿಸುವ ಕಣವನ್ನು. ಮಹಾರಾಷ್ಟ್ರದ ಉದಗೀರದ ಹಳೆಯ ಮಾದರಿಯ ಗಿರಣಿಗಳಲ್ಲಿ ತೊಗರಿಯನ್ನು ಎಮರಿ ಉರುಳೆಯಲ್ಲಿ ಗೀರಿ, ಎಣ್ಣೆ ಹಚ್ಚಿ, ಬಿಸಿಲಿಗೆ ಹರವಿ, ನೀರು ಚಿಮುಕಿಸಿ ರಾತ್ರಿಯಿಡೀ ರಾಶಿ ಹಾಕಿ, ಮರುದಿನ ಮತ್ತೆ ಹರವುತ್ತಾರೆ. ಸಿಪ್ಪೆ ಸಡಿಲಗೊಂಡು ಕಾಳು ಒಡೆಯಲು ಯೋಗ್ಯವಾಗುವವರೆಗೆ ಕೆಲವು ದಿನಗಳೇ ಹಿಡಿಯುತ್ತವೆ, ಮತ್ತು ಆ ದಿನಗಳಲ್ಲಿ ಅದು ಕಚ್ಚಾ ಮಾಲೂ ಅಲ್ಲ, ಸಿದ್ಧ ಮಾಲೂ ಅಲ್ಲ.

ಈ ಡಿಜಿಟಲ್ ವ್ಯವಸ್ಥೆಯ ಹಿಂದಿರುವ, ಲೀನ್ ಎಂದು ಕರೆಯಲಾಗುವ ಪದ್ಧತಿ, ಅಂದರೆ ಬೇಕಾದಾಗ ಬೇಕಾದಷ್ಟೇ ಮಾಲು ತರಿಸಿ ಹೆಚ್ಚುವರಿ ದಾಸ್ತಾನಿನಲ್ಲಿ ಹಣ ಹೂಡದಿರುವ ಉತ್ಪಾದನಾ ಕ್ರಮವು, ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯಿಚಿ ಓನೋ ಅವರ ಕೈಯಲ್ಲಿ ರೂಪುಗೊಂಡಿತು. ಅಲ್ಲಿ ಬಿಡಿಭಾಗ ಖರ್ಚಾದಂತೆ ಹಿಂದಿನ ವಿಭಾಗಕ್ಕೆ ಒಂದು ಚೀಟಿ ಹೋಗುತ್ತಿತ್ತು, ಅದೇ ಕಾನ್‌ಬಾನ್. ಈಗ ಅದು ಆ್ಯಪ್ ಆಗಿ ಮೊಬೈಲ್ ಪರದೆಗೆ ಬಂದಿದೆ: ದಿನದ ಬಳಕೆಯನ್ನು ಮಾಲು ಬರಲು ಹಿಡಿಯುವ ದಿನಗಳಿಂದ ಗುಣಿಸಿ, ಅದಕ್ಕೆ ಸ್ವಲ್ಪ ಕಾಪು ದಾಸ್ತಾನು ಸೇರಿಸಿ, ಸಂಗ್ರಹ ಆ ಮಟ್ಟಕ್ಕಿಳಿದೊಡನೆ ತರಿಸಿಕೊಳ್ಳಲು ಸೂಚನೆ ಕೊಡುತ್ತದೆ. ಗೋಣಿಚೀಲ, ಹೊಲಿಗೆ ದಾರ, ಎಣ್ಣೆ, ಎಮರಿ ಉರುಳೆಗಳ ಮಟ್ಟಿಗೆ ಇದು ಸೊಗಸಾಗಿ ನಡೆಯುತ್ತದೆಂಬುದನ್ನು ಈ ಲೇಖಕರು ಕಣ್ಣಾರೆ ಕಂಡಿದ್ದಾರೆ. ತೊಗರಿಯ ಮಾತು ಬೇರೆ. ಅದು ವರ್ಷಕ್ಕೊಮ್ಮೆ ಕೊಯ್ಲಾಗಿ, ಬೇಸಿಗೆ ಕಾಲಿಡುವುದರೊಳಗೆ ಹೆಚ್ಚುಕಡಿಮೆ ಪೇಟೆಗೆ ಬಂದು ಮುಗಿಯುವ ಬೆಳೆ.

2023ರ ಜೂನ್ 2ರಂದು ಕೇಂದ್ರ ಸರ್ಕಾರವು ತೊಗರಿ ಮತ್ತು ಉದ್ದಿನ ದಾಸ್ತಾನಿಗೆ ಮಿತಿ ಹೇರಿತು. ಸೆಪ್ಟೆಂಬರ್ 25ರಂದು ಆ ಮಿತಿಯನ್ನು ಇನ್ನೂ ಬಿಗಿಗೊಳಿಸಿ, ಗಿರಣಿಗಳು ಹಿಂದಿನ 1 ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇಕಡಾ 10, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಮಾತ್ರ ಇಡಬಹುದೆಂದಿತು. ಮೊದಲ ಆದೇಶದಲ್ಲಿ ಈ ಪ್ರಮಾಣ 3 ತಿಂಗಳ ಉತ್ಪಾದನೆ ಅಥವಾ ಶೇಕಡಾ 25 ಇತ್ತು. ದಾಸ್ತಾನನ್ನು ಸರ್ಕಾರಿ ಪೋರ್ಟಲ್‌ನಲ್ಲಿ ಘೋಷಿಸಬೇಕಿತ್ತು. ಲೇಖಕರು ಉತ್ಪಾದನೆಯ ಹೊಣೆ ಹೊತ್ತಿದ್ದ ಗಿರಣಿಯಲ್ಲಿ ಹಿರಿಯ ಪಾಲುದಾರರೂ ಹತ್ತಿರದ ಬಂಧುವೂ ಆದವರು ಈ ಮಿತಿಯನ್ನೇ ಕಾರಣ ಮಾಡಿಕೊಂಡು, ಅದಕ್ಕಿಂತಲೂ ಕೆಳಗೆ, ಆ್ಯಪ್ ತೋರಿಸಿದ ಕನಿಷ್ಠ ಮಟ್ಟಕ್ಕೆ ತೊಗರಿಯನ್ನು ಇಳಿಸಿದರು. ಆ ಆ್ಯಪ್‌ನಲ್ಲಿದ್ದುದು ತೊಗರಿ, ಬೇಳೆ ಎಂಬ ಎರಡೇ ಕಾಲಂ. ಗೋದಾಮಿನಿಂದ ತೊಗರಿ ಹೊರಬಿದ್ದ ಕ್ಷಣವೇ ಅದು ನೂರಕ್ಕೆ ಎಪ್ಪತ್ತರಂತೆ ಬೇಳೆಯಾಯಿತೆಂದು ಬರೆದುಕೊಳ್ಳುತ್ತಿತ್ತು. ಕಣಕ್ಕೆ ಮೂರನೆಯ ಕಾಲಂ ಬೇಕೆಂದು ಲೇಖಕರು ಮೊದಲ ದಿನದಿಂದಲೂ ಹೇಳಿದ್ದರು. ಅದು ಹಳೆಯ ಮುನೀಮರ ಕಾಲದ ಯೋಚನೆಯೆಂಬ ಉತ್ತರ ಬಂದಿತ್ತು.

ಹಸ್ತ ಮಳೆಯ ಜಿಟಿಜಿಟಿ ಹಿಡಿದು ಬಿಸಿಲು ಬೀಳದೆ ಹೋದಾಗ ಕಣದ ತೊಗರಿ ತಾಡಪಾಲಿನ ಕೆಳಗೇ ಉಳಿಯಿತು. ಪರದೆಯ ಮೇಲೆ ಬೇಳೆಯ ಅಂಕಿ ಹಸಿರಾಗಿಯೇ ಇದ್ದುದರಿಂದ ದಸರೆಯ ಪೇಟೆಗೆಂದು ಹೈದರಾಬಾದಿನ ವ್ಯಾಪಾರಿಗೆ ಮಾತು ಕೊಡಲಾಗಿತ್ತು, ಲಾರಿಯೂ ಬಾಗಿಲಿಗೆ ಬಂದು ನಿಂತಿತ್ತು. ಹಿರಿಯ ಹಮಾಲರೊಬ್ಬರು ತಾಡಪಾಲಿನೊಳಗೆ ಮೊಣಕೈವರೆಗೆ ಕೈಯಿಳಿಸಿ ಒಂದು ಹಿಡಿ ಕಾಳು ತೆಗೆದು, ಹಲ್ಲಲ್ಲಿ ಕಚ್ಚಿ, ಟಕ್ಕೆಂದು ಒಡೆಯದೆ ಮೆತ್ತಗೆ ಅದುಮಿಕೊಂಡದ್ದನ್ನು ಅಂಗೈಯಲ್ಲಿಟ್ಟು ತೋರಿಸಿದರು. ಅದನ್ನು ಕಂಡೂ ಪಾಲುದಾರರು ಯಂತ್ರ ಹಾಕಿಸಿದರು. ಒದ್ದೆ ಕಾಳಿನ ಸಿಪ್ಪೆ ಬಿಡಲಿಲ್ಲ. ಉರುಳೆ ಸಿಪ್ಪೆಯ ಬದಲು ಬೇಳೆಯನ್ನೇ ತೇಯ್ದು ಹಿಟ್ಟು ಮಾಡತೊಡಗಿತು, ಎಲಿವೇಟರಿನ ಬುಡದಲ್ಲಿ ಆ ಹಿಟ್ಟು ಕಟ್ಟಿಕೊಂಡು ಪಟ್ಟಿ ಜಾರಿ ಸುಟ್ಟ ರಬ್ಬರಿನ ವಾಸನೆ ಎದ್ದಿತು, ಜರಡಿಯ ಕೆಳಗೆ ನುಚ್ಚು ಮತ್ತು ಚುನ್ನಿ, ಎಂದರೆ ದನದ ಮೇವಿಗೆ ಹೋಗುವ ಪುಡಿ, ಬೇಳೆಗಿಂತ ಬೇಗ ತುಂಬಿದವು. ಯಂತ್ರ ನಿಲ್ಲಿಸಿ ರಾತ್ರಿಯೆಲ್ಲ ಹಮಾಲರೊಂದಿಗೆ ಲೇಖಕರು ಶೆಡ್ಡಿನೊಳಗೆ ತೊಗರಿಯನ್ನು ತೆಳ್ಳಗೆ ಹರವಿ ಕೈಯಾಡಿಸುತ್ತ ಕಳೆದರು. ರಾಶಿಯ ನಡುಭಾಗ ಆಗಲೇ ಬಿಸಿಯಾಗಿತ್ತು, ಇನ್ನೊಂದು ಹಗಲು ಬಿಟ್ಟಿದ್ದರೆ ಬೂಷ್ಟು ಹಿಡಿಯುತ್ತಿತ್ತು. ಲಾರಿ ಖಾಲಿ ಹೋಯಿತು. ಬದಲಿ ತೊಗರಿಗೆ ಕಲಬುರಗಿಯ ಅಡತಿಯವರನ್ನು ಕೇಳಿದಾಗ ಹಂಗಾಮು ಮುಗಿದ ಆ ತಿಂಗಳಲ್ಲಿ ಸಿಕ್ಕಿದ್ದು ಅತ್ಯಲ್ಪ.

ಆ ಗೊಂದಲದ ನಡುವೆಯೇ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಘೋಷಿಸಿದ ಬೇಳೆ ಗೋದಾಮಿನಲ್ಲಿಲ್ಲ, ಕಣದ ತೊಗರಿ ಘೋಷಣೆಯಲ್ಲಿಲ್ಲ ಎಂದು ಬರೆದುಕೊಂಡರು. ಎರಡನ್ನೂ ಕೂಡಿಸಿದರೂ ಒಟ್ಟು ಮಿತಿಯೊಳಗೇ ಇತ್ತು. ಎಣ್ಣೆ ಹಚ್ಚಿದ ಕಾಳನ್ನು ಕೈಯಲ್ಲಿ ಹಿಡಿದು ನೋಡುವ ವ್ಯವಧಾನ ಅವರಿಗಿದ್ದಿದ್ದರೆ ಆಮೇಲಿನ ಪತ್ರವ್ಯವಹಾರದ ಕಿರುಕುಳ ತಪ್ಪುತ್ತಿತ್ತು.

ಇಂಥ ವ್ಯವಸ್ಥೆ ಕೊಳ್ಳುವ ಗಿರಣಿಯವರು ಕಣಕ್ಕೆ ಪ್ರತ್ಯೇಕ ಕಾಲಂ ಇಲ್ಲದ ಆ್ಯಪ್‌ಗೆ ಹಣ ಕೊಡಬಾರದು. ಒಣಗಲು ಹಿಡಿಯುವ ದಿನಗಳನ್ನು ಮೃಗಶಿರದಿಂದ ಹಸ್ತದವರೆಗೆ ಬೇರೆಯಾಗಿ, ಬೇಸಿಗೆಗೆ ಬೇರೆಯಾಗಿ ತುಂಬಬೇಕು. ಬೇಳೆ ಸಿದ್ಧವೆಂಬ ನಮೂದನ್ನು ಕಚೇರಿಯಲ್ಲಿ ಕುಳಿತವರ ಬದಲು ಕಣದಲ್ಲಿ ಕಾಳು ಕಚ್ಚಿ ನೋಡುವವರಿಂದಲೇ, ಅವರು ಓದಬಲ್ಲ ಕನ್ನಡದಲ್ಲೋ ಮರಾಠಿಯಲ್ಲೋ, ಮಾಡಿಸಬೇಕು. ಚೀಲ, ದಾರ, ಎಣ್ಣೆಗಳನ್ನು ಆ್ಯಪ್‌ನ ಸೂಚನೆಗೆ ಧಾರಾಳವಾಗಿ ಬಿಡಬಹುದು. ತೊಗರಿಯನ್ನು ಮಾತ್ರ, ಕಾನೂನಿನ ಮಿತಿ ಜಾರಿಯಲ್ಲಿದ್ದರೆ ಅದು ಎಷ್ಟು ಬಿಡುತ್ತದೋ ಅಷ್ಟರ ಅಂಚಿನವರೆಗೆ, ಮಾಘದೊಳಗೇ ಕೊಂಡಿಡುವುದು ಲೇಸು.